ಇಂಗ್ಲಿಷ್ ವಾಕ್ಯಗಳಲ್ಲಿ ಸಂಯೋಜಕ ಪದಗಳ ಸರಿಯಾದ ಬಳಕೆ

ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳ ಗ್ರಾಮ ಪಂಚಾಯತ್ ಸದಸ್ಯರಿಗಾಗಿ ಅಧ್ಯಯನ ಪಾಠ

ಪೀಠಿಕೆ

ಗ್ರಾಮ ಪಂಚಾಯತ್‌ನ ಆಡಳಿತ ಭಾಷೆ ಕನ್ನಡ. ಸಭೆಯ ನೋಟೀಸು, ನಡವಳಿ, ನಿರ್ಣಯ, ತೆರಿಗೆ ರಸೀದಿ ಎಲ್ಲವೂ ಕನ್ನಡದಲ್ಲಿಯೇ ಇರತಕ್ಕವು. ಆದರೂ ಇಂಗ್ಲಿಷ್ ಬರಹವನ್ನು ಓದದೆ ಪಂಚಾಯತ್‌ನ ಕೆಲಸ ಪೂರ್ಣವಾಗುವುದಿಲ್ಲ. ಕೇಂದ್ರ ಸರ್ಕಾರದ ಕಾಯ್ದೆಗಳೂ ಮಾರ್ಗಸೂಚಿಗಳೂ ಮೊದಲು ಇಂಗ್ಲಿಷಿನಲ್ಲಿ ಕೈಸೇರುತ್ತವೆ. ಬ್ರಹ್ಮಾವರದಿಂದ ಶಿರೂರಿನವರೆಗೆ ಈ ಮೂರೂ ತಾಲ್ಲೂಕುಗಳನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66 ಹಾಗೂ ಬಾರ್ಕೂರು, ಕುಂದಾಪುರ, ಬೈಂದೂರುಗಳಲ್ಲಿ ನಿಲ್ದಾಣಗಳಿರುವ ಕೊಂಕಣ ರೈಲುಮಾರ್ಗದ ಕುರಿತಾದ ಪತ್ರವ್ಯವಹಾರವೂ ಬಹುಪಾಲು ಇಂಗ್ಲಿಷಿನಲ್ಲಿಯೇ ನಡೆಯುತ್ತದೆ.

ಇಂತಹ ಬರಹಗಳಲ್ಲಿ ದೊಡ್ಡ ದೊಡ್ಡ ಪದಗಳ ಅರ್ಥವನ್ನು ನಿಘಂಟು ತಿಳಿಸುತ್ತದೆ. ಆದರೆ ವಾಕ್ಯದ ಅರ್ಥವನ್ನು ಅತ್ತಿತ್ತ ತಿರುಗಿಸುವುದು ಎರಡು ಮೂರು ಅಕ್ಷರಗಳ ಸಣ್ಣ ಪದಗಳು. ಅವುಗಳನ್ನು ಇಂಗ್ಲಿಷ್ ವ್ಯಾಕರಣ 'ಕಂಜಂಕ್ಷನ್' ಎಂದು ಕರೆಯುತ್ತದೆ. ಈ ಪಾಠದಲ್ಲಿ ಅವುಗಳಿಗೆ ಸಂಯೋಜಕ ಎಂಬ ಹೆಸರನ್ನು ಬಳಸಲಾಗಿದೆ. ಒಬ್ಬ ಅರ್ಜಿದಾರನಿಗೆ ಹಕ್ಕು ದೊರೆಯುವುದೋ ಇಲ್ಲವೋ, ಒಂದು ಬಿಲ್ಲು ಪಾವತಿಯಾಗುವುದೋ ಇಲ್ಲವೋ ಎಂಬುದು ಹಲವು ಬಾರಿ ಸಂಯೋಜಕವೊಂದನ್ನು ಹೇಗೆ ಓದಲಾಯಿತು ಎಂಬುದನ್ನು ಅವಲಂಬಿಸಿರುತ್ತದೆ. ಓದುವ ಅನುಕೂಲಕ್ಕಾಗಿ ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಲಿಪಿಯಲ್ಲಿಯೇ ಕೊಡಲಾಗಿದೆ.

1. ಕನ್ನಡದ ರೀತಿ, ಇಂಗ್ಲಿಷಿನ ರೀತಿ

ಶಾಲೆಯ ವ್ಯಾಕರಣದಲ್ಲಿ 'ಮತ್ತು, ಅಥವಾ, ಆದರೆ, ಆದ್ದರಿಂದ' ಮುಂತಾದವನ್ನು ಸಂಬಂಧಾರ್ಥಕಾವ್ಯಯಗಳು ಎಂದು ಕಲಿಸಲಾಗುತ್ತದೆ. ಆದರೆ ಕನ್ನಡವು ಇವುಗಳನ್ನು ಇಂಗ್ಲಿಷಿನಷ್ಟು ಬಳಸುವುದಿಲ್ಲ. 'ಅಧ್ಯಕ್ಷರೂ ಸದಸ್ಯರೂ ಬಂದರು' ಎನ್ನುವಾಗ ಪದದ ಕೊನೆಯ 'ಊ' ಕಾರವೇ ಜೋಡಿಸುವ ಕೆಲಸ ಮಾಡುತ್ತದೆ. 'ಸ್ಥಳಕ್ಕೆ ಹೋಗಿ, ನೋಡಿ, ವರದಿ ಕೊಟ್ಟರು' ಎನ್ನುವಾಗ ಮೂರು ಕ್ರಿಯೆಗಳು ಯಾವ ಸಂಯೋಜಕವೂ ಇಲ್ಲದೆ ಕೂಡಿಕೊಳ್ಳುತ್ತವೆ. 'ಮಳೆ ಬಂದರೆ', 'ಮಳೆ ಬಂದರೂ', 'ಮಳೆ ಬರುವವರೆಗೆ' ಎನ್ನುವಾಗ ಷರತ್ತು, ವಿರೋಧ ಮತ್ತು ಅವಧಿ ಕ್ರಿಯಾಪದದ ತುದಿಗೇ ಅಂಟಿಕೊಂಡಿರುತ್ತವೆ.

ಇಂಗ್ಲಿಷಿನಲ್ಲಿ ಇವೆಲ್ಲಕ್ಕೂ ಬೇರೆ ಬೇರೆ ಪದಗಳು ಬೇಕು. ಅವು ಜೋಡಿಸುವ ಮಾತಿನ ಮೊದಲಿಗೆ ಬರುತ್ತವೆ. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವಾಗ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಈ ವ್ಯತ್ಯಾಸದಿಂದಲೇ ಹುಟ್ಟುತ್ತವೆ.

2. 'ಆ್ಯಂಡ್': ಎರಡೂ ಬೇಕೆ, ಇಬ್ಬರಿಗೂ ಇದೆಯೆ?

'ಆ್ಯಂಡ್' ಎಂದರೆ 'ಮತ್ತು'. ಇದು ಎಲ್ಲರಿಗೂ ತಿಳಿದ ಸಂಗತಿ. ಆದರೆ ಇದು ಏನನ್ನು ಜೋಡಿಸುತ್ತಿದೆ ಎಂಬುದನ್ನು ಪ್ರತಿ ಬಾರಿಯೂ ನೋಡತಕ್ಕದ್ದು.

ಫಲಾನುಭವಿಗಳ ಪಟ್ಟಿಯನ್ನು ಜೋಡಿಸುವ 'ಆ್ಯಂಡ್' ಬೇರೆ. ಅರ್ಹತೆಯ ಷರತ್ತುಗಳನ್ನು ಜೋಡಿಸುವ 'ಆ್ಯಂಡ್' ಬೇರೆ. 'ವಿಡೋಸ್ ಆ್ಯಂಡ್ ಸೀನಿಯರ್ ಸಿಟಿಜನ್ಸ್ ಮೇ ಅಪ್ಲೈ' ಎಂದರೆ ವಿಧವೆಯರೂ ಅರ್ಜಿ ಸಲ್ಲಿಸಬಹುದು, ಹಿರಿಯ ನಾಗರಿಕರೂ ಸಲ್ಲಿಸಬಹುದು. ಒಬ್ಬರೇ ಎರಡೂ ಆಗಿರಬೇಕಾಗಿಲ್ಲ. ಆದರೆ 'ಎ ವುಮನ್ ಹೂ ಈಸ್ ವಿಡೋಡ್ ಆ್ಯಂಡ್ ಅಬೋವ್ 60 ಇಯರ್ಸ್ ಮೇ ಅಪ್ಲೈ' ಎಂದರೆ ವೈಧವ್ಯವೂ ವಯಸ್ಸೂ ಎರಡೂ ಒಬ್ಬರಲ್ಲಿಯೇ ಇರಬೇಕು. ಮೊದಲನೆಯ ವಾಕ್ಯವನ್ನು ಎರಡನೆಯದರಂತೆ ಓದಿದರೆ 45 ವರ್ಷದ ವಿಧವೆಯ ಅರ್ಜಿ ಅನ್ಯಾಯವಾಗಿ ತಿರಸ್ಕೃತವಾಗುತ್ತದೆ.

ಸಂವಿಧಾನದ 243ಜಿ ಅನುಚ್ಛೇದವು ಪಂಚಾಯತ್‌ಗಳಿಗೆ ವಹಿಸಬಹುದಾದ ಯೋಜನೆಗಳನ್ನು 'ಎಕನಾಮಿಕ್ ಡೆವಲಪ್‌ಮೆಂಟ್ ಆ್ಯಂಡ್ ಸೋಶಿಯಲ್ ಜಸ್ಟಿಸ್' ಎಂಬ ಮಾತಿನಿಂದ ವಿವರಿಸುತ್ತದೆ. ಆರ್ಥಿಕ ಅಭಿವೃದ್ಧಿ ಮತ್ತು ಸಾಮಾಜಿಕ ನ್ಯಾಯ. ಇಲ್ಲಿ 'ಅಥವಾ' ಎಂದಿಲ್ಲ. ರಸ್ತೆ, ಮೋರಿ, ಕಟ್ಟಡಗಳನ್ನಷ್ಟೇ ಸೇರಿಸಿ, ಕೊರಗ ಕಾಲೊನಿಯ ಕುಡಿಯುವ ನೀರನ್ನಾಗಲಿ ಅಂಗವಿಕಲರ ಅಗತ್ಯವನ್ನಾಗಲಿ ಬಿಟ್ಟ ವಾರ್ಷಿಕ ಯೋಜನೆಯು ಈ ಮಾತಿನ ಒಂದು ಪಾಲನ್ನು ಮಾತ್ರ ಈಡೇರಿಸಿದಂತಾಗುತ್ತದೆ.

3. ಒಂದು 'ಆ್ಯಂಡ್', ಹಲವು ಕುಟುಂಬಗಳು

ಪಶ್ಚಿಮ ಘಟ್ಟದ ಬುಡದಲ್ಲಿರುವ ಕೊಲ್ಲೂರು, ಜಡ್ಕಲ್, ಅಮಾಸೆಬೈಲು ಮುಂತಾದ ಕಡೆಗಳ ಸದಸ್ಯರು ಅರಣ್ಯ ಹಕ್ಕು ಕಾಯ್ದೆ, 2006ರ ಹೆಸರನ್ನು ಕೇಳಿಯೇ ಇರುತ್ತಾರೆ. ಈ ಕಾಯ್ದೆಯ 2ನೇ ಪ್ರಕರಣವು ಅರಣ್ಯವಾಸಿ ಯಾರೆಂಬುದನ್ನು ಹೇಳುವಾಗ ಎರಡು ಮಾತುಗಳನ್ನು ಜೋಡಿಸುತ್ತದೆ: ಅರಣ್ಯದಲ್ಲಿ 'ಪ್ರೈಮರಿಲಿ' ವಾಸಿಸುವುದು, 'ಆ್ಯಂಡ್', ಜೀವನೋಪಾಯದ ನೈಜ ಅಗತ್ಯಗಳಿಗಾಗಿ 'ಫಾರೆಸ್ಟ್ ಆರ್ ಫಾರೆಸ್ಟ್ ಲ್ಯಾಂಡ್' ಮೇಲೆ ಅವಲಂಬಿಸಿರುವುದು. ಪರಿಶಿಷ್ಟ ಪಂಗಡಕ್ಕೆ ಸೇರದ ಪಾರಂಪರಿಕ ಅರಣ್ಯವಾಸಿಗಳ ವಿಷಯದಲ್ಲಿ ಇದರ ಜೊತೆಗೆ 2005ರ ಡಿಸೆಂಬರ್ 13ಕ್ಕೆ ಹಿಂದಿನ ಕನಿಷ್ಠ ಮೂರು ತಲೆಮಾರುಗಳ ಅವಧಿಯೂ ಬೇಕು. ಒಂದು ತಲೆಮಾರು ಎಂದರೆ 25 ವರ್ಷ. ಒಟ್ಟು 75 ವರ್ಷ.

ಇಲ್ಲಿರುವ 'ಆ್ಯಂಡ್' ಷರತ್ತುಗಳನ್ನು ಜೋಡಿಸುವ 'ಆ್ಯಂಡ್'. ಆದುದರಿಂದ ವಾಸವೂ ಬೇಕು, ಅವಲಂಬನೆಯೂ ಬೇಕು. ಇದರ ನಂತರದ 'ಆರ್' ಮಾತ್ರ ಆಯ್ಕೆಯನ್ನು ಕೊಡುತ್ತದೆ: ಅವಲಂಬನೆಯು ಅರಣ್ಯದ ಮೇಲಾದರೂ ಇರಬಹುದು, ಅರಣ್ಯಭೂಮಿಯ ಮೇಲಾದರೂ ಇರಬಹುದು.

ಹಾಗಾದರೆ ಮನೆ ಕಾಡಿನ ಅಂಚಿನ ಹೊರಗಿದ್ದು ಸಾಗುವಳಿ ಮಾತ್ರ ಒಳಗಿರುವ ಕುಟುಂಬದ ಗತಿ ಏನು? 'ಆ್ಯಂಡ್' ಒಂದನ್ನೇ ನೋಡಿದರೆ ಆ ಕುಟುಂಬ ಹೊರಗುಳಿಯುತ್ತದೆ. ಆದರೆ ವಾಕ್ಯದಲ್ಲಿ 'ಪ್ರೈಮರಿಲಿ' ಎಂಬ ಪದವೂ ಇದೆ. ಕೇಂದ್ರ ಬುಡಕಟ್ಟು ವ್ಯವಹಾರಗಳ ಸಚಿವಾಲಯವು 2008ರಲ್ಲಿ ನೀಡಿದ ಸ್ಪಷ್ಟೀಕರಣದ ಪ್ರಕಾರ, ಜೀವನೋಪಾಯಕ್ಕಾಗಿ ಅರಣ್ಯದ ಜಾಗದಲ್ಲಿ ಸಾಗುವಳಿ ಮಾಡುತ್ತಾ ಹೆಚ್ಚಿನ ಸಮಯವನ್ನು ಅಲ್ಲಿಯೇ ಕಳೆಯುವವರು, ಅವರ ವಾಸದ ಮನೆ ಅರಣ್ಯದ ಹೊರಗಿದ್ದರೂ, ಈ ಮಾತಿನೊಳಗೆ ಬರುತ್ತಾರೆ. ಸಂಯೋಜಕವನ್ನು ಗಮನಿಸುವುದು ಎಷ್ಟು ಅಗತ್ಯವೋ, ಅದು ಜೋಡಿಸುವ ಪದಗಳ ವ್ಯಾಪ್ತಿಯನ್ನು ಗಮನಿಸುವುದೂ ಅಷ್ಟೇ ಅಗತ್ಯ ಎಂಬುದಕ್ಕೆ ಇದು ನಿದರ್ಶನ.

ಇದೇ ಕಾಯ್ದೆಯ 6ನೇ ಪ್ರಕರಣವು ಹಕ್ಕು ನಿರ್ಧರಿಸುವ ಪ್ರಕ್ರಿಯೆಯನ್ನು ಆರಂಭಿಸುವ ಅಧಿಕಾರವನ್ನು ಗ್ರಾಮಸಭೆಗೆ ಕೊಡುತ್ತದೆ. ಅಲ್ಲಿ 'ಇಂಡಿವಿಜುವಲ್ ಆರ್ ಕಮ್ಯೂನಿಟಿ ಫಾರೆಸ್ಟ್ ರೈಟ್ಸ್ ಆರ್ ಬೋತ್' ಎಂಬ ಮಾತಿದೆ. ವೈಯಕ್ತಿಕ ಹಕ್ಕು ಅಥವಾ ಸಮುದಾಯ ಹಕ್ಕು ಅಥವಾ ಎರಡೂ. ಕೊನೆಯ 'ಆರ್ ಬೋತ್' ಇರುವುದರಿಂದ, ವೈಯಕ್ತಿಕ ಹಕ್ಕಿಗೆ ಅರ್ಜಿ ಕೊಟ್ಟ ಊರಿಗೆ ಸಮುದಾಯ ಹಕ್ಕು ಇಲ್ಲ ಎಂದು ಯಾರೂ ಹೇಳುವಂತಿಲ್ಲ.

4. 'ಆರ್', 'ಐದರ್–ಆರ್', 'ನೀದರ್–ನಾರ್'

'ಆರ್' ಎಂದರೆ 'ಅಥವಾ'. ಇದು ಷರತ್ತುಗಳ ನಡುವೆ ಬಂದಾಗ ಯಾವುದಾದರೂ ಒಂದು ಸಾಕು. 'ಐದರ್' ಮತ್ತು 'ಆರ್' ಜೊತೆಯಾಗಿ ಬಂದಾಗ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯಲೇಬೇಕು ಎಂಬ ಒತ್ತು ಬರುತ್ತದೆ. ಮಾಹಿತಿ ಹಕ್ಕು ಕಾಯ್ದೆ, 2005ರ 7ನೇ ಪ್ರಕರಣದಲ್ಲಿ ಸಾರ್ವಜನಿಕ ಮಾಹಿತಿ ಅಧಿಕಾರಿಯು 30 ದಿನಗಳೊಳಗೆ 'ಐದರ್' ಮಾಹಿತಿಯನ್ನು ಒದಗಿಸತಕ್ಕದ್ದು, 'ಆರ್' ಕಾಯ್ದೆಯ 8 ಮತ್ತು 9ನೇ ಪ್ರಕರಣಗಳಲ್ಲಿ ಹೇಳಿದ ಕಾರಣಕ್ಕಾಗಿ ತಿರಸ್ಕರಿಸತಕ್ಕದ್ದು ಎಂದಿದೆ. ಸುಮ್ಮನಿರುವುದು ಮೂರನೆಯ ದಾರಿಯಲ್ಲ. ಅವಧಿಯೊಳಗೆ ತೀರ್ಮಾನ ಕೊಡದಿದ್ದರೆ ಅದನ್ನು ನಿರಾಕರಣೆ ಎಂದೇ ಕಾಯ್ದೆ ಭಾವಿಸುತ್ತದೆ. ಅದೇ ಪ್ರಕರಣದಲ್ಲಿ 'ಲೈಫ್ ಆರ್ ಲಿಬರ್ಟಿ' ಎಂಬ ಮಾತೂ ಇದೆ. ಕೇಳಿದ ಮಾಹಿತಿಯು ವ್ಯಕ್ತಿಯ ಜೀವಕ್ಕೆ ಸಂಬಂಧಿಸಿದ್ದರೂ ಸಾಕು, ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದರೂ ಸಾಕು. 48 ಗಂಟೆಗಳಲ್ಲಿ ಒದಗಿಸತಕ್ಕದ್ದು.

ನಿಷೇಧದ ವಾಕ್ಯದಲ್ಲಿ 'ಆರ್' ಬಂದಾಗ ಎರಡೂ ನಿಷಿದ್ಧ. 'ವೇಸ್ಟ್ ಶಲ್ ನಾಟ್ ಬಿ ಡಂಪ್ಡ್ ಇನ್ ದ ರಿವರ್ ಆರ್ ಆನ್ ದ ಬೀಚ್' ಎಂದರೆ ನದಿಯಲ್ಲಿಯೂ ಹಾಕಬಾರದು, ಕಡಲ ತೀರದಲ್ಲಿಯೂ ಹಾಕಬಾರದು. 'ಒಂದು ಕಡೆ ಬಿಟ್ಟು ಇನ್ನೊಂದು ಕಡೆ ಹಾಕಬಹುದು' ಎಂಬ ಅರ್ಥ ಇಲ್ಲಿಲ್ಲ.

'ನೀದರ್' ಬಂದಲ್ಲಿ 'ನಾರ್' ಬರತಕ್ಕದ್ದು. ಈ ಜೋಡಿಯಲ್ಲಿಯೇ 'ಇಲ್ಲ' ಎಂಬ ಅರ್ಥ ಇರುವುದರಿಂದ ಮತ್ತೊಂದು 'ನಾಟ್' ಸೇರಿಸಬಾರದು. 'ದ ಬಿಲ್ಡಿಂಗ್ ಹ್ಯಾಸ್ ನೀದರ್ ವಾಟರ್ ನಾರ್ ಎಲೆಕ್ಟ್ರಿಸಿಟಿ' ಎಂಬುದು ಸರಿಯಾದ ವಾಕ್ಯ.

ಸಂಯೋಜಕದ ಹಿಂದಿನ ಅಲ್ಪವಿರಾಮವೂ ಲೆಕ್ಕಕ್ಕೆ ಬರುತ್ತದೆ. ಅಮೆರಿಕದ ಮೇನ್ ರಾಜ್ಯದ ಕಾನೂನೊಂದು ಹೆಚ್ಚುವರಿ ಅವಧಿಯ ವೇತನ ಅನ್ವಯಿಸದ ಕೆಲಸಗಳ ಪಟ್ಟಿಯ ಕೊನೆಯಲ್ಲಿ 'ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್' ಎಂದು ಹೇಳಿತ್ತು. 'ಆರ್' ಪದದ ಹಿಂದೆ ಅಲ್ಪವಿರಾಮ ಇರಲಿಲ್ಲ. ವಿತರಣೆಯೇ ಒಂದು ಪ್ರತ್ಯೇಕ ಕೆಲಸವೋ, ಅಥವಾ ವಿತರಣೆಗಾಗಿ ಪ್ಯಾಕ್ ಮಾಡುವುದು ಮಾತ್ರವೋ ಎಂಬ ಪ್ರಶ್ನೆ ಎದ್ದಿತು. ಹಾಲು ವಿತರಿಸುವ ವಾಹನ ಚಾಲಕರು ಪ್ಯಾಕಿಂಗ್ ಮಾಡುತ್ತಿರಲಿಲ್ಲ. 2017ರಲ್ಲಿ ಮೇಲ್ಮನವಿ ನ್ಯಾಯಾಲಯವು ವಾಕ್ಯ ಅಸ್ಪಷ್ಟವೆಂದು ಹೇಳಿ ಚಾಲಕರ ಪರವಾಗಿ ತೀರ್ಪು ನೀಡಿತು. 2018ರಲ್ಲಿ 50 ಲಕ್ಷ ಡಾಲರುಗಳಿಗೆ ವ್ಯಾಜ್ಯ ರಾಜಿಯಾಯಿತು.

5. 'ಇಫ್', 'ಅನ್‌ಲೆಸ್', 'ಅಂಟಿಲ್'

'ಇಫ್' ಎಂದರೆ 'ಆದರೆ, ಇದ್ದರೆ' ಎಂಬ ಷರತ್ತು. 'ಅನ್‌ಲೆಸ್' ಎಂದರೆ 'ಆಗದ ಹೊರತು'. ಈ ಪದದೊಳಗೆ 'ಆಗದ' ಎಂಬ ನಿಷೇಧ ಆಗಲೇ ಅಡಗಿದೆ. ಕನ್ನಡದಲ್ಲಿ 'ಕೆಲಸ ಮುಗಿಸದ ಹೊರತು' ಎಂದು ನಿಷೇಧವನ್ನು ಕ್ರಿಯಾಪದದಲ್ಲಿ ಹೇಳುವ ಅಭ್ಯಾಸವಿರುವುದರಿಂದ, ಇಂಗ್ಲಿಷಿನಲ್ಲಿಯೂ 'ನಾಟ್' ಸೇರಿಸುವ ತಪ್ಪು ಸಹಜವಾಗಿ ಆಗುತ್ತದೆ.

ತಪ್ಪು: 'ಅನ್‌ಲೆಸ್ ದ ಕಾಂಟ್ರಾಕ್ಟರ್ ಡಸ್ ನಾಟ್ ಕಂಪ್ಲೀಟ್ ದ ವರ್ಕ್, ದ ಬಿಲ್ ಶಲ್ ನಾಟ್ ಬಿ ಪೇಡ್.'

ಸರಿ: 'ಅನ್‌ಲೆಸ್ ದ ಕಾಂಟ್ರಾಕ್ಟರ್ ಕಂಪ್ಲೀಟ್ಸ್ ದ ವರ್ಕ್, ದ ಬಿಲ್ ಶಲ್ ನಾಟ್ ಬಿ ಪೇಡ್.'

ಮೊದಲನೆಯ ವಾಕ್ಯವನ್ನು ಅಕ್ಷರಶಃ ಓದಿದರೆ, ಗುತ್ತಿಗೆದಾರನು ಕೆಲಸ ಮುಗಿಸದೆ ಇದ್ದರೆ ಮಾತ್ರ ಬಿಲ್ಲು ಪಾವತಿಯಾಗಬಹುದು ಎಂದಾಗುತ್ತದೆ. ಪಂಚಾಯತ್ ಉದ್ದೇಶಿಸಿದ್ದಕ್ಕೆ ಇದು ಸಂಪೂರ್ಣ ವಿರುದ್ಧ. ಸಂದೇಹವಿದ್ದಲ್ಲಿ 'ಅನ್‌ಲೆಸ್' ಬದಲಿಗೆ 'ಓನ್ಲಿ ಇಫ್' ಬಳಸುವುದು ಕ್ಷೇಮ: 'ದ ಬಿಲ್ ಶಲ್ ಬಿ ಪೇಡ್ ಓನ್ಲಿ ಇಫ್ ದ ವರ್ಕ್ ಈಸ್ ಕಂಪ್ಲೀಟೆಡ್.'

'ಅಂಟಿಲ್' ಎಂದರೆ 'ಆಗುವವರೆಗೆ'. ಇದು ಅವಧಿಯನ್ನು ಹೇಳುತ್ತದೆ. 'ಅಂಟಿಲ್ ದ ಬ್ರಿಡ್ಜ್ ಈಸ್ ರಿಪೇರ್ಡ್, ಹೆವಿ ವೆಹಿಕಲ್ಸ್ ಶಲ್ ನಾಟ್ ಪಾಸ್' ಎಂದರೆ ಸೇತುವೆ ದುರಸ್ತಿಯಾಗುವವರೆಗೆ ಘನವಾಹನಗಳು ಸಂಚರಿಸಬಾರದು. ಇಲ್ಲಿಯೂ 'ಈಸ್ ನಾಟ್ ರಿಪೇರ್ಡ್' ಎಂದು ಬರೆಯಬಾರದು.

ಸಂವಿಧಾನದ 243ಇ ಅನುಚ್ಛೇದವು 'ಅನ್‌ಲೆಸ್' ಮತ್ತು 'ಆ್ಯಂಡ್' ಎರಡನ್ನೂ ಒಂದೇ ವಾಕ್ಯದಲ್ಲಿ ಬಳಸುತ್ತದೆ. ಪ್ರತಿಯೊಂದು ಪಂಚಾಯತ್, 'ಅನ್‌ಲೆಸ್ ಸೂನರ್ ಡಿಸಾಲ್ವ್ಡ್', ಅಂದರೆ ಕಾನೂನಿನ ಪ್ರಕಾರ ಮೊದಲೇ ವಿಸರ್ಜನೆಯಾಗದ ಹೊರತು, ಮೊದಲ ಸಭೆಗೆ ಗೊತ್ತುಪಡಿಸಿದ ದಿನದಿಂದ 5 ವರ್ಷ ಮುಂದುವರಿಯತಕ್ಕದ್ದು, 'ಆ್ಯಂಡ್ ನೋ ಲಾಂಗರ್', ಅದಕ್ಕಿಂತ ಹೆಚ್ಚಲ್ಲ. 'ಅನ್‌ಲೆಸ್' ಅವಧಿ ಕಡಿಮೆಯಾಗಬಹುದಾದ ಒಂದೇ ದಾರಿಯನ್ನು ತೋರಿಸುತ್ತದೆ. 'ಆ್ಯಂಡ್ ನೋ ಲಾಂಗರ್' ಅದು ಹೆಚ್ಚಾಗುವ ದಾರಿಯನ್ನು ಮುಚ್ಚುತ್ತದೆ.

6. 'ಪ್ರೊವೈಡೆಡ್ ದ್ಯಾಟ್': ಪರಂತು

ಕಾಯ್ದೆಗಳ ಕನ್ನಡ ಪಠ್ಯದಲ್ಲಿ ಬರುವ 'ಪರಂತು' ಎಂಬುದಕ್ಕೆ ಇಂಗ್ಲಿಷಿನಲ್ಲಿ 'ಪ್ರೊವೈಡೆಡ್ ದ್ಯಾಟ್' ಎಂದಿರುತ್ತದೆ. ಮೇಲೆ ಹೇಳಿದ ನಿಯಮಕ್ಕೆ ಇದು ಒಂದು ಮಿತಿಯನ್ನೋ ವಿನಾಯಿತಿಯನ್ನೋ ಸೇರಿಸುತ್ತದೆ. ಆದುದರಿಂದ ನಿಯಮವನ್ನು ಓದಿ ಪರಂತುವನ್ನು ಬಿಟ್ಟರೆ ಅರ್ಧ ಓದಿದಂತೆ.

243ಎಫ್ ಅನುಚ್ಛೇದದ ಪ್ರಕಾರ, ರಾಜ್ಯ ವಿಧಾನಮಂಡಲದ ಚುನಾವಣೆಗೆ ಅನರ್ಹನಾದ ವ್ಯಕ್ತಿಯು ಪಂಚಾಯತ್ ಸದಸ್ಯತ್ವಕ್ಕೂ ಅನರ್ಹನು. ವಿಧಾನಸಭೆಗೆ ಸ್ಪರ್ಧಿಸಲು 25 ವರ್ಷ ತುಂಬಿರಬೇಕು. ಇಷ್ಟನ್ನೇ ಓದಿದರೆ 22 ವರ್ಷದ ಯುವತಿಯೊಬ್ಬಳು ಪಂಚಾಯತ್ ಚುನಾವಣೆಗೆ ನಿಲ್ಲುವಂತಿಲ್ಲ. ಆದರೆ ಅದರ ಕೆಳಗೇ 'ಪ್ರೊವೈಡೆಡ್ ದ್ಯಾಟ್' ಇದೆ: 21 ವರ್ಷ ತುಂಬಿದ್ದರೆ, 25 ವರ್ಷಕ್ಕಿಂತ ಕಡಿಮೆ ಎಂಬ ಕಾರಣಕ್ಕೆ ಯಾರೂ ಅನರ್ಹರಾಗತಕ್ಕದ್ದಲ್ಲ. ಇಂದು ಪಂಚಾಯತ್‌ಗಳಲ್ಲಿರುವ ಅತಿ ಕಿರಿಯ ಸದಸ್ಯರು ಆ ಸ್ಥಾನದಲ್ಲಿರುವುದು ಈ ಪರಂತುವಿನ ಬಲದಿಂದ.

7. 'ಬಟ್', 'ಆಲ್ದೋ', 'ಬಿಕಾಸ್', 'ಸೋ'

ಒಂದು ಜೋಡಣೆಗೆ ಒಂದು ಸಂಯೋಜಕ ಸಾಕು. ಕನ್ನಡದಲ್ಲಿ 'ನೋಟೀಸು ಕೊಟ್ಟಿದ್ದರೂ ಕೂಡ, ಆದರೆ ಅವರು ಬರಲಿಲ್ಲ' ಎಂದು ಮಾತಿನಲ್ಲಿ ಬಂದುಹೋಗುತ್ತದೆ. ಇಂಗ್ಲಿಷ್ ಬರಹದಲ್ಲಿ ಇದು ತಪ್ಪು.

ತಪ್ಪು: 'ಆಲ್ದೋ ನೋಟೀಸ್ ವಾಸ್ ಗಿವನ್, ಬಟ್ ಹಿ ಡಿಡ್ ನಾಟ್ ಅಟೆಂಡ್.'

ಸರಿ: 'ಆಲ್ದೋ ನೋಟೀಸ್ ವಾಸ್ ಗಿವನ್, ಹಿ ಡಿಡ್ ನಾಟ್ ಅಟೆಂಡ್.' ಅಥವಾ 'ನೋಟೀಸ್ ವಾಸ್ ಗಿವನ್, ಬಟ್ ಹಿ ಡಿಡ್ ನಾಟ್ ಅಟೆಂಡ್.'

'ಬಿಕಾಸ್' ಬಂದಲ್ಲಿ 'ಸೋ' ಬೇಡ. 'ಸೋ' ಬಂದಲ್ಲಿ 'ಬಿಕಾಸ್' ಬೇಡ.

ಕಾರಣವನ್ನು ಹೇಳಬೇಕಾದಲ್ಲಿ 'ಆ್ಯಂಡ್' ಬಳಸುವುದು ಇನ್ನೂ ಹೆಚ್ಚು ನಷ್ಟ ತರುವ ತಪ್ಪು. ರೈಲು ಹಳಿಯ ಅಡಿಯ ಮೋರಿ ಮುಚ್ಚಿಹೋಗಿ ತೋಡಿನ ನೀರು ಗದ್ದೆಗೆ ನುಗ್ಗಿದೆ ಎಂದು ಭಾವಿಸೋಣ. ಪಂಚಾಯತ್‌ನ ಪತ್ರದಲ್ಲಿ ಹೀಗೆ ಬರೆಯಬಹುದು: 'ದ ಕಲ್ವರ್ಟ್ ವಾಸ್ ಬ್ಲಾಕ್ಡ್ ಆ್ಯಂಡ್ ದ ಪ್ಯಾಡಿ ಫೀಲ್ಡ್ಸ್ ವರ್ ಫ್ಲಡೆಡ್.' ಇದರಲ್ಲಿ ಎರಡು ಸಂಗತಿಗಳು ಅಕ್ಕಪಕ್ಕ ಇವೆ, ಅಷ್ಟೇ. 'ಮೋರಿ ಮುಚ್ಚಿದ್ದು ನಿಜ, ಆದರೆ ನೆರೆ ಬಂದದ್ದು ಮಳೆಯಿಂದ' ಎಂದು ಉತ್ತರ ಬರಬಹುದು. 'ದ ಪ್ಯಾಡಿ ಫೀಲ್ಡ್ಸ್ ವರ್ ಫ್ಲಡೆಡ್ ಬಿಕಾಸ್ ದ ಕಲ್ವರ್ಟ್ ವಾಸ್ ಬ್ಲಾಕ್ಡ್' ಎಂದು ಬರೆದಾಗ ಮಾತ್ರ ಕಾರಣವನ್ನು ಹೊಣೆಯೊಂದಿಗೆ ಹೇಳಿದಂತಾಗುತ್ತದೆ. ಸ್ಥಳ ಪರಿಶೀಲನೆಯಿಂದ ಕಾರಣ ಖಚಿತವಾಗಿದ್ದರೆ ಹೀಗೆಯೇ ಬರೆಯತಕ್ಕದ್ದು. ಖಚಿತವಾಗಿಲ್ಲದಿದ್ದರೆ ಮೊದಲು ಪರಿಶೀಲಿಸತಕ್ಕದ್ದು.

8. ವಿಶೇಷಣ ಯಾರಿಗೆ ಸೇರುತ್ತದೆ?

ಮರವಂತೆಯಂತಹ ಕಡಲ ತೀರದಲ್ಲಿ ಕಡಲ್ಕೊರೆತದ ಬಗ್ಗೆ ಹೀಗೆ ಬರೆಯಲಾಗಿದೆ ಎಂದು ಭಾವಿಸೋಣ: 'ಪ್ಲೀಸ್ ರಿಪೇರ್ ದ ಸೀ ವಾಲ್ ಆ್ಯಂಡ್ ದ ರೋಡ್ ಡ್ಯಾಮೇಜ್ಡ್ ಬೈ ದ ವೇವ್ಸ್.' ಅಲೆಗಳಿಂದ ಹಾನಿಗೊಂಡದ್ದು ರಸ್ತೆ ಮಾತ್ರವೋ, ತಡೆಗೋಡೆಯೂ ಸೇರಿಯೋ? ವಾಕ್ಯ ಹೇಳುವುದಿಲ್ಲ. ಅಂದಾಜುಪಟ್ಟಿ ತಯಾರಿಸುವವರು ರಸ್ತೆಯನ್ನಷ್ಟೇ ಸೇರಿಸಿದರೆ ಆಕ್ಷೇಪಿಸಲು ಆಧಾರ ಉಳಿಯುವುದಿಲ್ಲ. 'ಬೋತ್ ದ ಸೀ ವಾಲ್ ಆ್ಯಂಡ್ ದ ರೋಡ್ ವರ್ ಡ್ಯಾಮೇಜ್ಡ್ ಬೈ ದ ವೇವ್ಸ್. ಪ್ಲೀಸ್ ರಿಪೇರ್ ಬೋತ್' ಎಂದು ಎರಡು ಚಿಕ್ಕ ವಾಕ್ಯಗಳಲ್ಲಿ ಬರೆದರೆ ಸಂದೇಹಕ್ಕೆ ಎಡೆಯಿಲ್ಲ. ಒಂದೇ ವಾಕ್ಯದಲ್ಲಿ ಮೂರಕ್ಕಿಂತ ಹೆಚ್ಚು ವಿಷಯಗಳಿದ್ದರೆ ಅವುಗಳಿಗೆ ಕ್ರಮಸಂಖ್ಯೆ ಕೊಟ್ಟು ಬರೆಯುವುದು ಉತ್ತಮ.

9. ಅಭ್ಯಾಸ

ಕೆಳಗಿನ ವಾಕ್ಯಗಳನ್ನು ಸದಸ್ಯರು ಮೊದಲು ತಾವೇ ಪರಿಶೀಲಿಸಿ, ಬಳಿಕ ಉತ್ತರವನ್ನು ನೋಡುವುದು.

(1) 'ಅನ್‌ಲೆಸ್ ದ ಪಂಪ್ ಈಸ್ ನಾಟ್ ರಿಪೇರ್ಡ್, ವಾಟರ್ ಕೆನಾಟ್ ಬಿ ಸಪ್ಲೈಡ್.'

(2) 'ದ ಬಸ್ ಸ್ಟಾಪ್ ಹ್ಯಾಸ್ ನೀದರ್ ರೂಫ್ ಆರ್ ಲೈಟ್.'

(3) 'ಬಿಕಾಸ್ ಕೋರಂ ವಾಸ್ ನಾಟ್ ಪ್ರೆಸೆಂಟ್, ಸೋ ದ ಮೀಟಿಂಗ್ ವಾಸ್ ಅಡ್ಜರ್ನ್ಡ್.'

(4) 'ದ ಅಪ್ಲಿಕೆಂಟ್ ಶಲ್ ಪ್ರೊಡ್ಯೂಸ್ ರೇಷನ್ ಕಾರ್ಡ್ ಆರ್ ವೋಟರ್ ಕಾರ್ಡ್ ಆ್ಯಂಡ್ ಇನ್‌ಕಮ್ ಸರ್ಟಿಫಿಕೇಟ್.'

ಉತ್ತರಗಳು: (1) 'ನಾಟ್' ತೆಗೆದುಹಾಕತಕ್ಕದ್ದು: 'ಅನ್‌ಲೆಸ್ ದ ಪಂಪ್ ಈಸ್ ರಿಪೇರ್ಡ್.' (2) 'ಆರ್' ಬದಲಿಗೆ 'ನಾರ್' ಬರತಕ್ಕದ್ದು. (3) 'ಬಿಕಾಸ್' ಅಥವಾ 'ಸೋ', ಯಾವುದಾದರೂ ಒಂದನ್ನು ಮಾತ್ರ ಉಳಿಸುವುದು. (4) ಈ ವಾಕ್ಯಕ್ಕೆ ಎರಡು ಅರ್ಥಗಳಿವೆ. ರೇಷನ್ ಕಾರ್ಡ್ ಒಂದೇ ಸಾಕು, ಅದಿಲ್ಲದಿದ್ದರೆ ಮಾತ್ರ ಉಳಿದ ಎರಡೂ ಬೇಕು ಎಂಬುದು ಒಂದು ಅರ್ಥ. ಎರಡು ಕಾರ್ಡುಗಳಲ್ಲಿ ಒಂದು ಮತ್ತು ಅದರೊಂದಿಗೆ ಆದಾಯ ಪ್ರಮಾಣಪತ್ರ ಕಡ್ಡಾಯ ಎಂಬುದು ಇನ್ನೊಂದು ಅರ್ಥ. ಇಂತಹ ಮಾರ್ಗಸೂಚಿ ಬಂದಾಗ ಅರ್ಜಿಯನ್ನು ತಿರಸ್ಕರಿಸದೆ, ಸಂಬಂಧಿಸಿದ ಇಲಾಖೆಯಿಂದ ಲಿಖಿತ ಸ್ಪಷ್ಟೀಕರಣವನ್ನು ಕೇಳುವುದು ಸೂಕ್ತ.

10. ಸಭೆಯಲ್ಲಿ ಅನುಸರಿಸಬಹುದಾದ ಕ್ರಮ

ಇಂಗ್ಲಿಷ್ ಆದೇಶ ಅಥವಾ ಮಾರ್ಗಸೂಚಿಯೊಂದು ಸಭೆಯ ಮುಂದೆ ಬಂದಾಗ, ಅದರಲ್ಲಿರುವ 'ಆ್ಯಂಡ್', 'ಆರ್', 'ಇಫ್', 'ಅನ್‌ಲೆಸ್', 'ಪ್ರೊವೈಡೆಡ್ ದ್ಯಾಟ್' ಪದಗಳಿಗೆ ಪೆನ್ಸಿಲಿನಿಂದ ಗುರುತು ಹಾಕುವುದು. ಪ್ರತಿ ಗುರುತಿನ ಬಳಿ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು: ಇದು ಯಾವ ಎರಡು ಸಂಗತಿಗಳನ್ನು ಜೋಡಿಸುತ್ತಿದೆ? ಎರಡೂ ಬೇಕೆ, ಒಂದು ಸಾಕೆ? ಇದಕ್ಕೆ ಮಿತಿ ಅಥವಾ ವಿನಾಯಿತಿ ಮುಂದೆ ಇದೆಯೆ? ಉತ್ತರವನ್ನು ಕನ್ನಡದಲ್ಲಿ ಬರೆದು, ಪಂಚಾಯತ್ ಅಭಿವೃದ್ಧಿ ಅಧಿಕಾರಿಯೊಂದಿಗೆ ಹೋಲಿಸಿ ನೋಡಿದ ಬಳಿಕ ಸಭೆಗೆ ವಿವರಿಸುವುದು. ಇಂಗ್ಲಿಷಿನಲ್ಲಿ ಪತ್ರ ಹೊರಡುವ ಮೊದಲೂ ಇದೇ ಮೂರು ಪ್ರಶ್ನೆಗಳನ್ನು ಕೇಳಿ ಸಹಿ ಮಾಡುವುದು.

ಇಂಗ್ಲಿಷಿನಲ್ಲಿ ನಿರರ್ಗಳವಾಗಿ ಮಾತನಾಡುವುದು ಸದಸ್ಯತ್ವಕ್ಕೆ ಅಗತ್ಯವಾದ ಅರ್ಹತೆಯಲ್ಲ. ಆದರೆ ಘಟ್ಟದ ಬುಡದ ಅರ್ಜಿದಾರನಾಗಲಿ, ಕಡಲ ತೀರದ ಮೀನುಗಾರ ಮಹಿಳೆಯಾಗಲಿ ತನ್ನ ಕಾಗದವನ್ನು ಸದಸ್ಯರ ಕೈಗೆ ಕೊಡುವುದು ಅದನ್ನು ಅವರು ಸರಿಯಾಗಿ ಓದುತ್ತಾರೆಂಬ ನಂಬಿಕೆಯಿಂದ. 'ಮತ್ತು' ಎಂದಿರುವಲ್ಲಿ 'ಅಥವಾ' ಎಂದು ಓದಿ ಸುಳ್ಳು ಭರವಸೆ ಕೊಡದಿರುವುದು, 'ಅಥವಾ' ಎಂದಿರುವಲ್ಲಿ 'ಮತ್ತು' ಎಂದು ಓದಿ ಬಾಗಿಲು ಮುಚ್ಚದಿರುವುದು, ಇವೆರಡೂ ಆ ನಂಬಿಕೆಗೆ ಸಲ್ಲಿಸತಕ್ಕ ಸೇವೆ.